ರಿಟೈರ್ ಆದಮೇಲೆ ಇಸ್ತ್ರಿ ಹುಚ್ಚು ಹಿಡಿದಿದೆ. ಅತ್ತೆಯ ಕಸೂತಿ ಮೇಜುಬಟ್ಟೆಗೆ ಕೈ ಹಾಕಲಾ, ಬೇಡವಾ?

ಕುವೆಂಪುನಗರದ ರಿಟೈರ್ಡ್:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಚಿಕ್ಕದು, ಪೀಠಿಕೆ ಉದ್ದ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಸಾಲದ ಅರ್ಜಿ ಓದಿದವನು ನಾನು. ಹಿನ್ನೆಲೆ ಹೇಳದೆ ಏನನ್ನೂ ಕೇಳಲು ಬರುವುದಿಲ್ಲ.

2023ರಲ್ಲಿ ನಿವೃತ್ತನಾದೆ. ಮೈಸೂರಿನಲ್ಲೇ ಇದ್ದೇನೆ. ಮೊದಲು ತಾರಸಿ ಮೇಲೆ ತರಕಾರಿ ಬೆಳೆದೆ, ಕೋತಿಗಳು ತಿಂದವು. ವಾಕಿಂಗ್ ಗುಂಪು ಸೇರಿದೆ, ಅಲ್ಲಿ ಮೊಣಕಾಲು ನೋವು ಬಿಟ್ಟು ಬೇರೆ ಮಾತೇ ಇಲ್ಲ. ಈಗ ಒಂದು ವರ್ಷದಿಂದ ಹಿಡಿದುಕೊಂಡಿರುವುದು ಇಸ್ತ್ರಿ ಪೆಟ್ಟಿಗೆ. ಮಂಗಳವಾರ, ಶನಿವಾರ ಬೆಳಿಗ್ಗೆ ತಿಂಡಿ ಆದಮೇಲೆ ಊಟದ ಮೇಜಿನ ಮೇಲೆ ಹಳೇ ಕಂಬಳಿ, ಅದರ ಮೇಲೊಂದು ಬಿಳಿ ಪಂಚೆ ಹಾಸಿ ಶುರು ಮಾಡುತ್ತೇನೆ. ನನ್ನ ಶರ್ಟು, ಹೆಂಡತಿಯ ಕಾಟನ್ ಸೀರೆ, ದಿಂಬಿನ ಕವರು, ಕೊನೆಗೆ ಕೈ ಒರೆಸುವ ಬಟ್ಟೆ ಕೂಡ. ಮಗ ಬೆಂಗಳೂರಿನಿಂದ ಬಂದವನು ನೋಡಿ, "ಅಪ್ಪಾ, ಅಡುಗೆಮನೆ ಬಟ್ಟೆಗೂ ಇಸ್ತ್ರಿನಾ? ಅದು ಯಾವ ಇಂಟರ್‌ವ್ಯೂಗೆ ಹೋಗುತ್ತೆ?" ಅಂದ.

ಹುಣಸೂರಿನ ಹತ್ತಿರ ನಮ್ಮೂರು. 1970ರ ದಶಕದಲ್ಲಿ ಅಲ್ಲಿ ಇಸ್ತ್ರಿ ಪೆಟ್ಟಿಗೆ ಇದ್ದದ್ದು ಎರಡೋ ಮೂರೋ ಮನೆಯಲ್ಲಿ. ನಮ್ಮ ಅಮ್ಮ ಹಿತ್ತಾಳೆ ಚೊಂಬಿಗೆ ಒಲೆಯ ಕೆಂಡ ತುಂಬಿ, ಕಂಠಕ್ಕೆ ದಪ್ಪ ಬಟ್ಟೆ ಸುತ್ತಿ ಹಿಡಿದು ನನ್ನ ಸ್ಕೂಲ್ ಅಂಗಿ ಉಜ್ಜುತ್ತಿದ್ದಳು. ಚೊಂಬಿನ ತಳ ಗುಂಡಗೆ ಅಲ್ವಾ, ಒಂದು ಸಲಕ್ಕೆ ಅಂಗೈಯಷ್ಟು ಜಾಗ ಮಾತ್ರ ನೆಟ್ಟಗಾಗುತ್ತಿತ್ತು. ಅದಕ್ಕೇ ಎದೆಗೆ ಮತ್ತು ಕಾಲರಿಗೆ ಮಾತ್ರ ಚೊಂಬು. ಚಡ್ಡಿಗೆ ಬೇರೆ ಉಪಾಯ: ಮಡಿಸಿ ಹಾಸಿಗೆ ಕೆಳಗಿಟ್ಟು ಅದರ ಮೇಲೆ ಮಲಗುವುದು. ರಾತ್ರಿ ಹೊರಳಾಡಿದರೆ ಬೆಳಿಗ್ಗೆ ಒಂದರ ಬದಲು ಎರಡು ಗೆರೆ.

ಕೆಲಸಕ್ಕೆ ಸೇರಿದಮೇಲೆ ಎಲ್ಲ ಗಾಡಿಯವರಿಗೇ. ಶಿರಸಿ, ರಾಯಚೂರು, ಕೋಲಾರ, ಎಲ್ಲಿಗೆ ವರ್ಗವಾದರೂ ಮೊದಲ ವಾರ ಹಾಲಿನವರನ್ನೂ ಇಸ್ತ್ರಿಯವರನ್ನೂ ಹುಡುಕಿಕೊಳ್ಳುವುದು. ಆಮೇಲೆ 2020ರ ಮಾರ್ಚ್ ಬಂತು. ಊರೆಲ್ಲ ಮನೆಯಲ್ಲಿ ಕೂತರೂ ಬ್ಯಾಂಕಿನವರಿಗೆ ರಜೆ ಇಲ್ಲ. ನಮ್ಮ ಬೀದಿಯ ಇಸ್ತ್ರಿಯವರು ಗಾಡಿಗೆ ಟಾರ್ಪಾಲು ಕಟ್ಟಿ ಊರಿಗೆ ಹೊರಟುಹೋದರು. ಕೌಂಟರಿನಲ್ಲಿ ಮುಖಕ್ಕೆ ಮಾಸ್ಕು, ಜನಕ್ಕೆ ಕಾಣುವುದು ಶರ್ಟು ಒಂದೇ. ಹಾಗಾಗಿ ಕಲಿಯಲೇಬೇಕಾಯಿತು. ಮೊದಮೊದಲು ಕಾಲರಿನ ತುದಿ ಒಣಗಿದ ವೀಳ್ಯದೆಲೆಯ ಹಾಗೆ ಮುದುರಿರುತ್ತಿತ್ತು. ಹೆಂಡತಿಯ ಒಂದು ಸಿಂಥೆಟಿಕ್ ದುಪಟ್ಟಾ ಪೆಟ್ಟಿಗೆಯ ತಳಕ್ಕೇ ಅಂಟಿಕೊಂಡಿತು. ಆ ವಿಷಯ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಈಗ ಆಫೀಸಿಲ್ಲ, ಆದರೂ ಯಾಕೆ ಮಾಡುತ್ತೀರಿ ಅಂತ ಕೇಳುತ್ತಾರೆ. ಬ್ಯಾಂಕಿನಲ್ಲಿ ನಾನು ಮಾಡಿದ ಕೆಲಸ ಒಂದು ದಿನವೂ ಕಣ್ಣಿಗೆ ಕಾಣಲಿಲ್ಲ. ಸಾಲ ಕೊಟ್ಟೆ, ಅದು ಆತನಿಗೆ ಒಳ್ಳೇದು ಮಾಡಿತೋ ಕೆಟ್ಟದ್ದೋ ತಿಳಿಯುವಷ್ಟರಲ್ಲಿ ವರ್ಗ. ಇಲ್ಲಿ ಹಾಗಲ್ಲ. ಸುಕ್ಕು ಇತ್ತು, ಈಗ ಇಲ್ಲ. ಬಿಸಿ ಹತ್ತಿ ಬಟ್ಟೆಗೆ ನೀರಿನ ಹನಿ ಬಿದ್ದಾಗ ಒಂದು ವಾಸನೆ ಏಳುತ್ತದೆ. ಅದಕ್ಕೆ ಅಮ್ಮನ ಚೊಂಬು ನೆನಪಾಗುತ್ತದೆ ಅಂತ ಬರೆದರೆ ಜಾಸ್ತಿ ಆಯಿತು ಅನ್ನುತ್ತೀರಿ. ಆದರೂ ಆಗುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಹೆಂಡತಿ ಹುಬ್ಬಳ್ಳಿ ಕಡೆಯವಳು. 1991ರಲ್ಲಿ ನಮ್ಮ ಮದುವೆಗೆ ಅವಳ ಅಮ್ಮ ಕೈಯಾರೆ ಕಸೂತಿ ಹಾಕಿದ ಮೇಜುಬಟ್ಟೆ ಕೊಟ್ಟಿದ್ದರು. ಬಿಳಿ ಮ್ಯಾಟಿ ಬಟ್ಟೆ, ಆರು ಜನ ಕೂರುವ ಮೇಜಿನದು. ಅಂಚಿನಲ್ಲಿ ಆನೆ ಸಾಲು, ಗೋಪುರ, ನಾಲ್ಕು ಮೂಲೆಗೆ ನಾಲ್ಕು ತೇರು. ಕೆಂಪು, ಹಸಿರು ದಾರ. ನಮ್ಮ ಬಾಡಿಗೆ ಮನೆಗಳಲ್ಲಿ ಊಟದ ಮೇಜೇ ಇರಲಿಲ್ಲ, ಅದು ಟ್ರಂಕಿನಲ್ಲೇ ಉಳಿಯಿತು. ಅತ್ತೆ ಈಗ ಇಲ್ಲ. ಮೊನ್ನೆ ತೆಗೆದು ನೋಡಿದರೆ ಮಡಿಕೆ ಬಿದ್ದ ಕಡೆಯೆಲ್ಲ ಹಳದಿ ಗೆರೆ. ಈ ದೀಪಾವಳಿಗೆ ಹಾಸಬೇಕು ಅಂತ ಆಸೆ. ನಾನೇ ಇಸ್ತ್ರಿ ಮಾಡಬಹುದಾ? ಕಸೂತಿ ಚಪ್ಪಟೆ ಆಗುವುದಿಲ್ಲವಾ?

ಇನ್ನೆರಡು ಸಣ್ಣ ಪ್ರಶ್ನೆ. ನನ್ನ ಸ್ಟೀಮ್ ಬಾಕ್ಸು ಈಚೆಗೆ ಬಿಳಿ ಪುಡಿ ಉಗುಳುತ್ತಿದೆ. ನಮ್ಮ ಟ್ಯಾಂಕಿಗೆ ಬೋರ್ ನೀರೂ ಬೆರೆಯುತ್ತದೆ, ಅದಕ್ಕಾ? ಜೊತೆಗೆ, ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿಯ ಲೆಕ್ಕ ನನ್ನ ಹುಚ್ಚಿನಿಂದ ತಪ್ಪುತ್ತದೆ ಅಂತ ಹೆಂಡತಿಯ ವಾದ.

ಕೊನೆಯದು ಪ್ರಶ್ನೆಯೋ ಅಲ್ಲವೋ ಗೊತ್ತಿಲ್ಲ. ಬೀದಿಯ ಮೂಲೆಯ ಇಸ್ತ್ರಿಯವರು ಲಾಕ್‌ಡೌನ್ ಮುಗಿದಮೇಲೆ ವಾಪಸ್ ಬಂದರು. ಈಗಲೂ ಹಾಲು ತರಲು ಹೋದಾಗ "ಸಾರ್, ಬಟ್ಟೆ ಇಲ್ವಾ?" ಅನ್ನುತ್ತಾರೆ. ಗರಿಗರಿ ಶರ್ಟು ಹಾಕಿಕೊಂಡೇ "ಇಲ್ಲಪ್ಪ" ಅನ್ನುತ್ತೇನೆ. ಇದು ಸರಿ ಅನ್ನಿಸುವುದಿಲ್ಲ.

—

ದಾವಣಗೆರೆ ಕೆಮಿಸ್ಟ್ರಿ ಮೇಷ್ಟ್ರು:

ಸುಲಭದ್ದು ಮೊದಲು. 1000 ವ್ಯಾಟಿನ ಪೆಟ್ಟಿಗೆ ಒಂದು ಗಂಟೆ ಬಿಡದೆ ಕಾದರೆ 1 ಯೂನಿಟ್. ಥರ್ಮೋಸ್ಟಾಟ್ ಆಗಾಗ ಆಫ್ ಮಾಡುವುದರಿಂದ ಅಷ್ಟೂ ಆಗುವುದಿಲ್ಲ. ವಾರಕ್ಕೆ ಎರಡು ಗಂಟೆ ಮಾಡಿದರೂ ತಿಂಗಳಿಗೆ 8-9 ಯೂನಿಟ್ ಮೀರುವುದಿಲ್ಲ. ಗೃಹಜ್ಯೋತಿಯಲ್ಲಿ ನಿಮ್ಮ ಹಳೇ ಸರಾಸರಿಯ ಮೇಲೆ ಶೇ. 10 ಸೇರಿಸಿ ಕೊಡುತ್ತಾರಲ್ಲ. ಸರಾಸರಿ 100 ಇದ್ದರೆ ಇಸ್ತ್ರಿ ಆ ಹತ್ತರಲ್ಲೇ ಮುಗಿಯಿತು. ಮೇಡಂಗೆ ತೋರಿಸಿ. ಸ್ಟೀಮ್ ಬಾಕ್ಸುಗಳ ವ್ಯಾಟು ಸಾಮಾನ್ಯವಾಗಿ ಇನ್ನೂ ಜಾಸ್ತಿ ಅನ್ನುವುದನ್ನು ಮಾತ್ರ ತೋರಿಸಬೇಡಿ.

ಬಿಳಿ ಪುಡಿ ಗಡಸು ನೀರಿನ ಕ್ಯಾಲ್ಸಿಯಂ. ಪಾತ್ರೆಯಲ್ಲಿ ನೀರು ಕುದಿಸಿದಾಗ ತಳದಲ್ಲಿ ಕೂರುತ್ತದಲ್ಲ, ಅದೇ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ. ಇಲ್ಲದಿದ್ದರೆ ಬಾಕ್ಸಿನ ಟ್ಯಾಂಕು ಖಾಲಿ ಬಿಟ್ಟು ಕೈಯಲ್ಲೇ ನೀರು ಚಿಮುಕಿಸಿ.

ಇಸ್ತ್ರಿ ಯಾಕೆ ಕೂರುತ್ತದೆ ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹತ್ತಿ ಅಂದರೆ ಸೆಲ್ಯುಲೋಸ್, ಉದ್ದುದ್ದ ಸರಪಳಿಗಳು. ಅಕ್ಕಪಕ್ಕದ ಸರಪಳಿಗಳು ಹೈಡ್ರೋಜನ್ ಬಂಧದಿಂದ ಕೈ ಹಿಡಿದುಕೊಂಡಿರುತ್ತವೆ. ನೀರು ಒಳಗೆ ನುಗ್ಗಿದರೆ ಆ ಕೈ ಬಿಡುತ್ತದೆ. ಬಟ್ಟೆ ಮುದುರಿಕೊಂಡು ಒಣಗಿದರೆ ಮುದುರಿದ ಹಾಗೇ ಮತ್ತೆ ಕೈ ಹಿಡಿಯುತ್ತವೆ, ಅದೇ ಸುಕ್ಕು. ತೇವ ಮಾಡಿ, ಬಿಸಿ ಕೊಟ್ಟು, ನೆಟ್ಟಗೆ ಒತ್ತಿ ಒಣಗಿಸಿದರೆ ನೆಟ್ಟಗೆ ಕೈ ಹಿಡಿಯುತ್ತವೆ. ಅದಕ್ಕೇ ಬಿಸಿ ಇರುವಾಗಲೇ ಮಡಿಸಬಾರದು. ಎರಡು ನಿಮಿಷ ಹ್ಯಾಂಗರಿಗೆ ಹಾಕಿ, ಆರಿದಮೇಲೆ ಮಡಿಸಿ.

ದುಪಟ್ಟಾ ವಿಷಯ: ಬಟ್ಟೆಯ ಚೀಟಿಯಲ್ಲಿ ಇಸ್ತ್ರಿ ಪೆಟ್ಟಿಗೆಯ ಚಿತ್ರ, ಅದರೊಳಗೆ ಚುಕ್ಕಿ ಇರುತ್ತದೆ. ಒಂದು ಚುಕ್ಕಿ ಅಂದರೆ ಸುಮಾರು 110 ಡಿಗ್ರಿ ದಾಟಬಾರದು, ಎರಡಕ್ಕೆ ಸುಮಾರು 150, ಮೂರಕ್ಕೆ ಸುಮಾರು 200. ಸಿಂಥೆಟಿಕ್ ದುಪಟ್ಟಾ ಒಂದು ಚುಕ್ಕಿಯ ಗಿರಾಕಿ. ನೀವು ಹತ್ತಿಯ ಕಾವಿನಲ್ಲಿ ಅದನ್ನು ಮುಟ್ಟಿದ್ದೀರಿ.

—

ಧಾರವಾಡದ ಸೂಜಿದಾರ:

ಸರ್, ಮೊದಲು ಆ ಬಟ್ಟೆಯನ್ನು ತಿರುಗಿಸಿ ನೋಡಿ. ಹಿಂದೆ ಎಲ್ಲಾದರೂ ಗಂಟು ಕಾಣುತ್ತದೆಯಾ? ಕಸೂತಿಗೆ ಗಂಟು ಹಾಕುವುದಿಲ್ಲ, ಎಳೆ ಎಣಿಸಿ ಹಾಕುವ ಕೆಲಸ. ಗವಂತಿ, ಮುರ್ಗಿ ಅನ್ನುವ ಹೊಲಿಗೆ ಎರಡೂ ಮುಂದೆ ಹಿಂದೆ ಒಂದೇ ಥರ ಕಾಣುತ್ತವೆ. ಉಲ್ಟಾ ಯಾವುದು, ಸುಲ್ಟಾ ಯಾವುದು ಅಂತ ನಿಮಗೆ ಗೊತ್ತಾಗದೆ ಹೋದರೆ ನಿಮ್ಮ ಅತ್ತೆಯವರ ಕೈ ಭಾಳ ಚೆನ್ನಾಗಿತ್ತು ಅಂತ ತಿಳಿಯಿರಿ. ನೇಗಿ ಮತ್ತು ಮೆಂತೆ ಹೊಲಿಗೆ ಇದ್ದ ಕಡೆ ಮಾತ್ರ ವ್ಯತ್ಯಾಸ ಸಿಗುತ್ತದೆ. ಆನೆಯ ಹೊಟ್ಟೆ ತುಂಬಿದ್ದರೆ ಅಲ್ಲಿ ನೋಡಿ.

ಈಗಲೇ ಇಸ್ತ್ರಿ ಮಾಡಬೇಡಿ. ಕಲೆಯ ಮೇಲೆ ಬಿಸಿ ಪೆಟ್ಟಿಗೆ ಇಟ್ಟರೆ ಕಲೆ ಅಲ್ಲೇ ಕೂತುಬಿಡುತ್ತದೆ. ಮೊದಲು ತೊಳೆಯಬೇಕು. ಅದಕ್ಕೂ ಮೊದಲು ಬಣ್ಣ ನೋಡಬೇಕು. ಒಂದು ಬಿಳಿ ಬಟ್ಟೆ ತುಂಡನ್ನು ಒದ್ದೆ ಮಾಡಿ ಕೆಂಪು ದಾರದ ಮೇಲೆ ಒತ್ತಿ ಹಿಡಿಯಿರಿ, ಆಮೇಲೆ ಹಸಿರಿನ ಮೇಲೆ. ಬಣ್ಣ ಹತ್ತಿದರೆ ನೆನೆಸಿಡಬೇಡಿ, ತಣ್ಣೀರಿನಲ್ಲಿ ಬೇಗ ಬೇಗ ತೆಗೆದುಬಿಡಿ. ಹತ್ತದಿದ್ದರೆ ಉಗುರುಬೆಚ್ಚಗಿನ ನೀರು, ಸ್ವಲ್ಪ ಮೆತ್ತನೆ ಸೋಪು, ಎರಡು ತಾಸು. ಬ್ಲೀಚ್ ಅಂತೂ ಬೇಡವೇ ಬೇಡ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ. ಹಳದಿ ಪೂರ್ತಿ ಹೋಗದಿದ್ದರೆ ಬಿಡಿ. ಮೂವತ್ತು ವರ್ಷ ಟ್ರಂಕಿನಲ್ಲಿ ಕೂತ ಬಟ್ಟೆ ಅದು, ಅಷ್ಟು ಹಳದಿ ಅದರ ಹಕ್ಕು.

ಇಸ್ತ್ರಿಗೆ: ಬಟ್ಟೆ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಮಾಡಿ. ಮೇಜಿನ ಮೇಲೆ ದಪ್ಪ ಟರ್ಕಿ ಟವೆಲ್ ಎರಡು ಮಡಿಕೆ ಹಾಸಿ, ಕಸೂತಿಯ ಮುಖ ಕೆಳಗೆ ಮಾಡಿ, ಹಿಂದಿನಿಂದ ಒತ್ತಿ. ದಾರ ಟವೆಲಿನೊಳಗೆ ಹುದುಗುತ್ತದೆ, ಬಟ್ಟೆ ಮಾತ್ರ ನೆಟ್ಟಗಾಗುತ್ತದೆ. ಉಜ್ಜಬೇಡಿ. ಇಡುವುದು, ಎತ್ತುವುದು, ಪಕ್ಕಕ್ಕೆ ಇಡುವುದು. ನೀವು ಶರ್ಟಿನ ರೂಢಿಯಲ್ಲಿ ಎಳೆಯುತ್ತೀರಿ, ಪೆಟ್ಟಿಗೆಯ ಮೂಗು ಗವಂತಿಯ ಎಳೆಗೆ ಸಿಕ್ಕಿದರೆ ತೇರು ಸೊಟ್ಟ. ದಾರ ಹತ್ತಿಯದಾ ರೇಷ್ಮೆಯದಾ ಅಂತ ತಿಳಿಯದಿದ್ದರೆ ರೇಷ್ಮೆ ಅಂತಲೇ ಇಟ್ಟುಕೊಂಡು ಕಾವು ಕಡಿಮೆ ಮಾಡಿ.

ನಮ್ಮ ಅವ್ವ ಚಂದ್ರಕಾಳಿ ಸೀರೆಗೂ ಹೀಗೇ ಮಾಡುತ್ತಿದ್ದಳು. ಆ ಕಪ್ಪು ಸೀರೆಯ ಮೇಲೆ ಬಿಳಿ ಕಸೂತಿ ನೋಡಬೇಕು ನೀವು. ಇರಲಿ, ಅದು ಬೇರೆ ಪುರಾಣ.

ಹಬ್ಬ ಆದಮೇಲೆ ತೊಳೆದು, ಗಂಜಿ ಹಾಕದೆ, ಒಂದು ಹಳೇ ಬಿಳಿ ಪಂಚೆಯ ಜೊತೆ ಸುರುಳಿ ಸುತ್ತಿ ಇಡಿ. ಗಂಜಿ ಹಾಕಿ ವರ್ಷಗಟ್ಟಲೆ ಇಟ್ಟರೆ ಹುಳ ಬಂದು ತಿನ್ನುತ್ತದೆ. ಮಡಿಸಿ ಇಟ್ಟರೆ ಮತ್ತೆ ಅದೇ ಗೆರೆ.

—

ಇಸ್ತ್ರಿ ಗಾಡಿ ಮಗ:

ಸಾರ್, ನಿಮ್ಮ ಕೊನೇ ಮಾತಿಗೆ ಉತ್ತರ ಕೊಡಬೇಕು ಅಂತಲೇ ಬರೆಯುತ್ತಿದ್ದೇನೆ. ಬೆಂಗಳೂರು ವಿಜಯನಗರದಲ್ಲಿ ಹೊಂಗೆ ಮರದ ಕೆಳಗೆ ನಮ್ಮಪ್ಪನ ಗಾಡಿ ಇತ್ತು. ಈಗ ಅದೇ ರಸ್ತೆಯಲ್ಲಿ ಸಣ್ಣ ಅಂಗಡಿ ನನ್ನದು. ಮಡಿವಾಳರು ನಾವು. ತಾತ ಊರಿನಲ್ಲಿ ಬಟ್ಟೆ ಒಗೆಯುತ್ತಿದ್ದರು, ಯಾವ ಮನೆಯದು ಅಂತ ಗುರುತಿಗೆ ಕೇರು ಬೀಜದ ರಸ ಹಚ್ಚುತ್ತಿದ್ದರು. ಎಷ್ಟು ಒಗೆದರೂ ಹೋಗುವುದಿಲ್ಲ, ಕೈಗೆ ತಾಗಿದರೆ ಬೊಬ್ಬೆ ಬರುತ್ತದೆ. ನಾನು ಮನೆ ನಂಬರ್ ಬರೆದ ಚೀಟಿ ಪಿನ್ ಮಾಡುತ್ತೇನೆ, ಅಷ್ಟೇ ಬದಲಾವಣೆ.

ನೀವು ಮನೆಯಲ್ಲಿ ಮಾಡಿಕೊಂಡರೆ ನಮಗೇನೂ ಆಗಲ್ಲ ಅಂತ ಹೇಳಿದರೆ ಸುಳ್ಳು. ನನ್ನ ರೇಟು ಶರ್ಟಿಗೆ 10 ರೂಪಾಯಿ. ನಿಮ್ಮಂಥ ಒಂದು ಮನೆ ವಾರಕ್ಕೆ ಹತ್ತು ಬಟ್ಟೆ ನಿಲ್ಲಿಸಿದರೆ ತಿಂಗಳಿಗೆ 400 ಹೋಯಿತು. ಆದರೆ ನಮಗೆ ದೊಡ್ಡ ಹೊಡೆತ ಕೊಟ್ಟಿದ್ದು ತಾವೇ ಇಸ್ತ್ರಿ ಮಾಡಿಕೊಳ್ಳುವವರಲ್ಲ, ಇಸ್ತ್ರಿಯೇ ಬೇಡ ಅನ್ನುವವರು. ಟೀ-ಶರ್ಟು, ಟ್ರ್ಯಾಕ್ ಪ್ಯಾಂಟು, ಮನೆಯಿಂದಲೇ ಕೆಲಸ. ನಮ್ಮ ರಸ್ತೆಯ ಒಂದು ಅಪಾರ್ಟ್‌ಮೆಂಟಿನಿಂದ ಮೊದಲು ದಿನಕ್ಕೆ ಎರಡು ಗಂಟು ಬರುತ್ತಿತ್ತು, ಈಗ ವಾರಕ್ಕೆ ಎರಡು. ನಿಮಗೆ ಗರಿಗರಿ ಬಟ್ಟೆ ಬೇಕು ಅನ್ನಿಸುತ್ತಿದೆಯಲ್ಲ, ಅದು ಇದ್ದರೆ ಸಾಕು. ಸೀರೆ, ಕೋಟು, ಉಣ್ಣೆ ಪ್ಯಾಂಟು ಹಿಡಿದುಕೊಂಡು ನಮ್ಮ ಹತ್ತಿರ ಬಂದೇ ಬರುತ್ತೀರಿ. ನಿಮ್ಮ ಬೀದಿಯವರಿಗೆ ಅದನ್ನು ಕೊಡಿ. "ಇಲ್ಲಪ್ಪ" ಅಂತ ಮಾತ್ರ ಹೇಳಬೇಡಿ. ಶರ್ಟು ನೋಡಿದರೆ ಅವರಿಗೆ ಗೊತ್ತಾಗುತ್ತದೆ, ಕೈ ಯಾರದು ಅಂತ.

ಹೇಗೆ ಗೊತ್ತಾಗುತ್ತದೆ? ಭುಜದ ಪಟ್ಟಿ ನೋಡಿ. ಮನೆ ಇಸ್ತ್ರಿಯವರು ಎದೆ, ಬೆನ್ನು ಚೆನ್ನಾಗಿ ಮಾಡಿ ಭುಜ ಮರೆಯುತ್ತಾರೆ. ನಾವು ಕಾಲರಿನಿಂದ ಶುರು ಮಾಡುತ್ತೇವೆ. ಮೊದಲು ಕಾಲರಿನ ಹಿಂಬದಿ, ತುದಿಯಿಂದ ಒಳಗೆ. ಒಳಗಿನಿಂದ ತುದಿಗೆ ತಳ್ಳಿದರೆ ಸುಕ್ಕೆಲ್ಲ ಮೂಲೆಗೆ ಬಂದು ನಿಮ್ಮ ವೀಳ್ಯದೆಲೆ ಆಗುತ್ತದೆ. ಆಮೇಲೆ ಭುಜದ ಪಟ್ಟಿ, ಕಫ್, ತೋಳು, ಮುಂಭಾಗ, ಕೊನೆಗೆ ಬೆನ್ನು. ಸಣ್ಣ ಭಾಗ ಮೊದಲು, ದೊಡ್ಡದು ಕೊನೆಗೆ. ದೊಡ್ಡದನ್ನು ಮೊದಲು ಮಾಡಿದರೆ ಸಣ್ಣದು ಮಾಡುವಾಗ ಅದು ಮತ್ತೆ ಮುದುರುತ್ತದೆ. ಗುಂಡಿಯ ಪಟ್ಟಿಯನ್ನು ಒಳಗಿನಿಂದ ಒತ್ತಿ. ಕಪ್ಪು ಪ್ಯಾಂಟನ್ನು ನೇರವಾಗಿ ಮುಟ್ಟಲೇಬೇಡಿ, ಹೊಳಪು ಬರುತ್ತದೆ. ಒಳಗೆ ಹೊರಗೆ ಮಾಡಿ ಅಥವಾ ಮೇಲೊಂದು ಒದ್ದೆ ಬಟ್ಟೆ ಹಾಕಿ.

ನಮ್ಮ ಕೆಲಸ ನಿಮ್ಮದಕ್ಕಿಂತ ಖಡಕ್ ಯಾಕೆ ಅಂದರೆ ತೂಕ. ಅಪ್ಪನ ಹಿತ್ತಾಳೆ ಪೆಟ್ಟಿಗೆ ಆರೇಳು ಕೆಜಿ ಇತ್ತು, ಮುಚ್ಚಳದ ಚಿಲಕ ಹುಂಜದ ಆಕಾರದ್ದು. ತೆಂಗಿನ ಚಿಪ್ಪಿನ ಇದ್ದಿಲು ತುಂಬುತ್ತಿದ್ದರು, ಕಾವು ಜಾಸ್ತಿ ಹೊತ್ತು ನಿಲ್ಲುತ್ತದೆ ಅಂತ. ಕಾವು ನೋಡಲು ಬೆರಳಿನಿಂದ ಒಂದು ಹನಿ ನೀರು ಎರಚುವುದು. "ಚುಯ್" ಅಂತ ಅಲ್ಲೇ ಆರಿದರೆ ಹತ್ತಿಗೆ ಸರಿ. ಹನಿ ಗುಂಡಗಾಗಿ ಉರುಳಿ ಓಡಿದರೆ ಜಾಸ್ತಿ ಕಾದಿದೆ, ಒದ್ದೆ ಗೋಣಿಯ ಮೇಲೆ ಒಂದು ಸಲ ಎಳೆದು ಇಳಿಸಬೇಕು. ನಿಮ್ಮ ಕರೆಂಟು ಪೆಟ್ಟಿಗೆಗೆ ಅಷ್ಟು ತೂಕ ಎಲ್ಲಿದೆ? ತೂಕ ಇಲ್ಲದ ಕಡೆ ತೇವ ಬೇಕು. ರಾತ್ರಿ ಬಟ್ಟೆಗೆ ನೀರು ಚಿಮುಕಿಸಿ, ಗಟ್ಟಿ ಸುತ್ತಿ, ಒಂದು ಕವರಿನಲ್ಲಿಡಿ. ಬೆಳಿಗ್ಗೆ ಎಲ್ಲ ಕಡೆ ಒಂದೇ ಹದದ ತೇವ ಇರುತ್ತದೆ. ಅಪ್ಪ ಇದನ್ನು "ಬಟ್ಟೆ ಮಲಗಿಸುವುದು" ಅನ್ನುತ್ತಿದ್ದರು.

ಎರಡು ವರ್ಷದಿಂದ ನಾನು ಗ್ಯಾಸ್ ಪೆಟ್ಟಿಗೆ ಬಳಸುತ್ತಿದ್ದೇನೆ. ಹೊಗೆ ಇಲ್ಲ, ಬಿಳಿ ಪಂಚೆ ಮೇಲೆ ಕಿಡಿ ಬೀಳುವ ಭಯವಿಲ್ಲ. ಅಪ್ಪ ಅಂಗಡಿಗೆ ಬಂದಾಗೆಲ್ಲ ಅದನ್ನು ಎತ್ತಿ ನೋಡಿ "ಹಗುರ ಕಣೋ" ಅಂತಾರೆ. ಅವರ ಬಲ ಮೊಣಕೈ ಈಗ ಪೂರ್ತಿ ಮಡಚುವುದಿಲ್ಲ. ಆದರೂ ಹಗುರ ಅಂತಾರೆ.

—

ಕುವೆಂಪುನಗರದ ರಿಟೈರ್ಡ್:

ಮೇಷ್ಟ್ರೇ, ಲೆಕ್ಕ ತೋರಿಸಿದೆ. ವ್ಯಾಟು ಎಷ್ಟು ಅಂತ ಅವಳು ಪೆಟ್ಟಿಗೆ ತಿರುಗಿಸಿ ಓದಿಬಿಟ್ಟಳು.

ಧಾರವಾಡದವರೇ, ಗಂಟು ಒಂದೂ ಇಲ್ಲ. ಅರ್ಧ ಗಂಟೆ ಭೂತಗನ್ನಡಿ ಹಿಡಿದು ಕೂತಿದ್ದೆವು. ಕೆಂಪು ಬಣ್ಣ ಬಿಡಲಿಲ್ಲ, ಹಸಿರು ಒಂಚೂರು ಬಿಟ್ಟಿತು. ಹಾಗಾಗಿ ನೆನೆಸುವುದಿಲ್ಲ.

ವಿಜಯನಗರದವರೇ, ನಿಮ್ಮ ಬರಹ ಓದಿ ಈಗ ಹಾಕಿಕೊಂಡಿರುವ ಶರ್ಟಿನ ಭುಜ ನೋಡಿಕೊಂಡೆ. ನೀವು ಹೇಳಿದ ಹಾಗೇ ಇದೆ.

—

ಗೋಥೆನ್‌ಬರ್ಗ್ ಗೌಡ್ತಿ:

ಮೇಜುಬಟ್ಟೆ ಅಂದಕೂಡಲೇ ಬರೆಯದೆ ಇರಲು ಆಗಲಿಲ್ಲ. ನಾನು ಮಂಡ್ಯದವಳು, ಸ್ವೀಡನ್ನಿನಲ್ಲಿದ್ದೇನೆ. ಇಲ್ಲಿನ ಹಳೇ ಅಪಾರ್ಟ್‌ಮೆಂಟುಗಳಲ್ಲಿ ಎಲ್ಲರಿಗೂ ಸೇರಿ ಬಟ್ಟೆ ಒಗೆಯುವ ಒಂದು ಕೋಣೆ ಇರುತ್ತದೆ, ಮೊದಲೇ ಹೆಸರು ಬರೆದು ಹೊತ್ತು ಹಿಡಿಯಬೇಕು. ನಮ್ಮ ಕಟ್ಟಡದ ಕೋಣೆಯಲ್ಲಿ ಒಂದು ಮ್ಯಾಂಗಲ್ ಇದೆ. ಎರಡು ಉರುಳೆಗಳ ನಡುವೆ ಬಟ್ಟೆ ತೂರಿಸಿದರೆ ಇನ್ನೊಂದು ಕಡೆ ನೆಟ್ಟಗೆ ಹೊರಗೆ ಬರುತ್ತದೆ. ನಮ್ಮ ಕಬ್ಬಿನ ಗಾಣವೇ, ರಸ ಮಾತ್ರ ಇಲ್ಲ.

ಬಂದ ಹೊಸದರಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ ಅಂದುಕೊಂಡಿದ್ದೆ. ಕ್ರಿಸ್ಮಸ್ ಹತ್ತಿರ ಬಂದಾಗ ನೋಡಿದರೆ ಸಾಲು. ಅಜ್ಜಿಯರ ಕಾಲದ ಲಿನನ್ ಮೇಜುಬಟ್ಟೆ ಹಿಡಿದು ಬರುವವರಲ್ಲಿ ವಯಸ್ಸಾದವರಷ್ಟೇ ಅಲ್ಲ, ನನ್ನ ವಯಸ್ಸಿನವರೂ ಇರುತ್ತಾರೆ. ಲಿನನ್ ಒಣಗಿದಮೇಲೆ ಮಾಡಿದರೆ ಸುಕ್ಕು ಹೋಗುವುದೇ ಇಲ್ಲ, ಹಸಿ ಇರುವಾಗಲೇ ಮಾಡಬೇಕು ಅಂತ ಪಕ್ಕದ ಮನೆಯ ಅಜ್ಜಿ ಹೇಳಿಕೊಟ್ಟರು. ಮ್ಯಾಂಗಲಿಗೆ ಹಾಕುವ ಮೊದಲು ಇಬ್ಬರು ಎದುರುಬದುರು ನಿಂತು ಬಟ್ಟೆಯ ಮೂಲೆ ಹಿಡಿದು ಹಿಂದಕ್ಕೆ ಬಾಗಿ ಎಳೆಯುತ್ತಾರೆ. ಸೊಟ್ಟಗಾದ ಎಳೆ ಸರಿಹೋಗಲಿ ಅಂತ. ಅಜ್ಜಿ ಇನ್ನೊಂದು ತುದಿ ನನ್ನ ಕೈಗೆ ಕೊಟ್ಟು ಎಳೆ ಅಂದಾಗ ನನಗೆ ನಗು ಬಂತು. ನಮ್ಮ ಅಮ್ಮ, ಚಿಕ್ಕಮ್ಮ ಹಿತ್ತಲಲ್ಲಿ ಒಗೆದ ಸೀರೆಯನ್ನು ಹೀಗೇ ಎಳೆಯುತ್ತಿದ್ದರು. ಚಿಕ್ಕಮ್ಮ ಬೇಕಂತಲೇ ಕೈ ಬಿಟ್ಟು ಅಮ್ಮನನ್ನು ಬೀಳಿಸುತ್ತಿದ್ದಳು.

ಸರ್, ನಿಮ್ಮ ಮೇಜುಬಟ್ಟೆ ಹಸಿ ಇರುವಾಗ ಮೇಡಂ ಅವರನ್ನು ಕರೆದು ಒಂದು ತುದಿ ಕೊಡಿ. ಮೆಲ್ಲಗೆ ಎಳೆಯಿರಿ, ಕಸೂತಿ ಇದೆಯಲ್ಲ. ಅರ್ಧ ಇಸ್ತ್ರಿ ಅಲ್ಲೇ ಆಗುತ್ತದೆ.

—

ತುಮಕೂರು ಪ್ಲೀಟ್ಸ್:

ನಾನು ಮನೆಯಲ್ಲೇ ಸೀರೆ ಪ್ರೀ-ಪ್ಲೀಟಿಂಗ್, ಬಾಕ್ಸ್ ಫೋಲ್ಡಿಂಗ್ ಮಾಡುತ್ತೇನೆ. ನಿರಿಗೆ, ಸೆರಗು ಎಲ್ಲ ಮೊದಲೇ ಮಡಿಸಿ, ಇಸ್ತ್ರಿ ಮಾಡಿ, ಪಿನ್ ಹಾಕಿ ಪೆಟ್ಟಿಗೆಯ ಹಾಗೆ ಮಡಚಿ ಕೊಡುವುದು. ಉಟ್ಟುಕೊಳ್ಳುವವರಿಗೆ ಐದು ನಿಮಿಷದ ಕೆಲಸ. ಮದುವೆ ಸೀಸನ್ನಿನಲ್ಲಿ, ವರಮಹಾಲಕ್ಷ್ಮಿಗೆ ಮುಂಚೆ ನನಗೆ ನಿದ್ದೆ ಇರುವುದಿಲ್ಲ. ಹಾಗಾಗಿ ಇಸ್ತ್ರಿಗೆ ಬೇಡಿಕೆ ಇಲ್ಲ ಅಂತ ನಾನು ಹೇಳುವುದಿಲ್ಲ, ನನ್ನ ಬಾಡಿಗೆ ಕಟ್ಟುತ್ತಿರುವುದೇ ಅದು.

ಆದರೆ ಅಂಕಲ್, ಬೇಜಾರು ಮಾಡಿಕೊಳ್ಳಬೇಡಿ. ಇಸ್ತ್ರಿ ಅಂದರೆ ನೆಮ್ಮದಿ, ಇಸ್ತ್ರಿ ಅಂದರೆ ಧ್ಯಾನ ಅನ್ನುವ ರೀಲ್ಸ್ ನೋಡಿದರೆ ನನಗೆ ಸಿಟ್ಟು ಬರುತ್ತದೆ. ನಮ್ಮಮ್ಮ ರಾತ್ರಿ ಪಾತ್ರೆ ತೊಳೆದು, ಮರುದಿನದ ದೋಸೆಗೆ ರುಬ್ಬಿ, ಹತ್ತೂವರೆಗೆ ಅಪ್ಪನ ಶರ್ಟಿಗೆ ನಿಲ್ಲುತ್ತಿದ್ದಳು. ಕರೆಂಟು ಹೋದರೆ ಬೆಳಿಗ್ಗೆ ಐದಕ್ಕೆ ಎದ್ದು ಮುಗಿಸುತ್ತಿದ್ದಳು. ಅಪ್ಪ ಕನ್ನಡಿ ಮುಂದೆ ನಿಂತು "ಇಲ್ಲಿ ಒಂದು ಸುಕ್ಕು ಉಳಿದಿದೆ" ಅನ್ನುತ್ತಿದ್ದರು. ನಿಮಗೆ ಮಂಗಳವಾರ, ಶನಿವಾರ ತಿಂಡಿ ಆದಮೇಲೆ ಮನಸ್ಸು ಬಂದಾಗ ಮಾಡುವ ಕೆಲಸ. ಅಮ್ಮನಿಗೆ ವಾರಕ್ಕೆ ಆರು ದಿನ. ಅವಳು ಈಗ ನನ್ನ ಕೆಲಸ ನೋಡುತ್ತಾಳೆ, ಪೆಟ್ಟಿಗೆ ಮಾತ್ರ ಮುಟ್ಟುವುದಿಲ್ಲ. ದುಡ್ಡು ಕೊಡುತ್ತೇನೆ ಅಂದರೂ ಇಲ್ಲ.

ಕೆಲಸದ ಮಾತು: ರೇಷ್ಮೆ ಸೀರೆಗೆ ನೀರು ಚಿಮುಕಿಸಬೇಡಿ, ಹನಿ ಬಿದ್ದ ಗುರುತು ಉಳಿಯುತ್ತದೆ. ಉಲ್ಟಾ ಮಾಡಿ, ಕಾವು ಕಡಿಮೆ ಇಟ್ಟು, ಜರಿ ಅಂಚಿನ ಮೇಲೆ ತೆಳು ಹತ್ತಿ ಬಟ್ಟೆ ಹಾಸಿ. ಪೆಟ್ಟಿಗೆಯ ತಳಕ್ಕೆ ದುಪಟ್ಟಾ ಕರಗಿ ಅಂಟಿದ್ದು ಇನ್ನೂ ಇದ್ದರೆ ಉಪ್ಪು ಹಾಕಿ ಉಜ್ಜಿ ಅಂತ ಎಲ್ಲರೂ ಹೇಳುತ್ತಾರೆ. ನಿಮ್ಮದು ನಾನ್‌ಸ್ಟಿಕ್ ತಳ ಆದರೆ ಬೇಡ, ಗೀರು ಬೀಳುತ್ತದೆ. ಸ್ವಲ್ಪ ಬೆಚ್ಚಗೆ ಮಾಡಿ ಮರದ ಚಮಚದಲ್ಲಿ ಕೆರೆಯಿರಿ.

—

ಕುವೆಂಪುನಗರದ ರಿಟೈರ್ಡ್:

ಹಬ್ಬ ಮುಗಿಯಿತು, ವರದಿ ಒಪ್ಪಿಸುತ್ತಿದ್ದೇನೆ.

ತುಮಕೂರಿನವರೇ, ಬೇಜಾರಿಲ್ಲ. ನಿಮ್ಮ ಬರಹವನ್ನು ಹೆಂಡತಿಗೆ ಓದಿ ಹೇಳಿದೆ. "1991ರಿಂದ 2020ರವರೆಗೆ ಗಾಡಿಗೆ ಕೊಡೋಕೆ ಬಟ್ಟೆ ಎಣಿಸಿ ಗಂಟು ಕಟ್ಟುತ್ತಿದ್ದುದು ಯಾರು, ಎಣಿಸಿ ತೆಗೆದುಕೊಳ್ಳುತ್ತಿದ್ದುದು ಯಾರು ಅಂತ ಅದನ್ನೂ ಬರೀರಿ" ಅಂದಳು. ಬರೆದಿದ್ದೇನೆ.

ಬೀದಿಯ ಇಸ್ತ್ರಿಯವರ ಹತ್ತಿರ ಹೋಗಿ ವಿಷಯ ಹೇಳಿದೆ. ಅವರು ನಕ್ಕು, "ಗೊತ್ತು ಸಾರ್, ಭುಜ ಬಿಟ್ಟಿದ್ದೀರಿ" ಅಂದರು. ವಿಜಯನಗರದವರು ಮೊದಲೇ ಫೋನ್ ಮಾಡಿ ಹೇಳಿದ್ದರೇನೋ ಅನ್ನಿಸಿತು. ನನ್ನ ಶರ್ಟನ್ನೇ ಬಿಚ್ಚಿಸಿ, ಬನಿಯನ್ನಿನಲ್ಲಿ ನಿಲ್ಲಿಸಿ, ಕಾಲರು ಹೇಗೆ ಅಂತ ತೋರಿಸಿದರು. ಹಾಲು ತರಲು ಬಂದವರೆಲ್ಲ ನೋಡಿಕೊಂಡು ಹೋದರು. ಈಗ ರೇಷ್ಮೆ ಸೀರೆ, ಪ್ಯಾಂಟು, ಮಗನ ಕೋಟು ಅವರಿಗೆ. ಶರ್ಟು, ಕಾಟನ್ ಸೀರೆ, ಅಡುಗೆಮನೆ ಬಟ್ಟೆ ನನಗೆ. 400 ರೂಪಾಯಿ ಸರಿದೂಗುವುದಿಲ್ಲ, ಲೆಕ್ಕ ನನಗೂ ಬರುತ್ತದೆ. ಆದರೆ ಈಗ ನನ್ನನ್ನು ಕಂಡರೆ ಬಟ್ಟೆ ಕೇಳುವುದಿಲ್ಲ, ಭುಜ ನೋಡುತ್ತಾರೆ.

ಮೇಜುಬಟ್ಟೆ ತಣ್ಣೀರಿನಲ್ಲಿ ತೊಳೆದೆವು. ಹಳದಿ ಅರ್ಧ ಹೋಯಿತು. ಹಸಿ ಇರುವಾಗ ಹಜಾರದಲ್ಲಿ ಎದುರುಬದುರು ನಿಂತು ಎಳೆದೆವು. ಗೋಥೆನ್‌ಬರ್ಗಿನವರ ಚಿಕ್ಕಮ್ಮನ ಕಥೆ ಹೇಳಿ ತಪ್ಪು ಮಾಡಿದೆ, ಎರಡನೇ ಸಲ ಇವಳು ಕೈ ಬಿಟ್ಟಳು. ಆಮೇಲೆ ಟವೆಲ್ ಹಾಸಿ, ಉಲ್ಟಾ ಮಾಡಿ, ಇಡುವುದು ಎತ್ತುವುದು, ಇಡುವುದು ಎತ್ತುವುದು. ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ತಿರುಗಿಸಿ ನೋಡಿದರೆ ಆನೆಗಳು ಎದ್ದು ನಿಂತಿದ್ದವು.

ಮೂರು ತೇರು ಮುಗಿಸಿ ನಾಲ್ಕನೆಯದಕ್ಕೆ ಬಂದಾಗ ಫೋನ್ ರಿಂಗಾಯಿತು. ಹಳೇ ಬ್ಯಾಂಕಿನ ಸ್ನೇಹಿತ, ಹಬ್ಬದ ಶುಭಾಶಯ. "ನಿಮಗೂ" ಅಂದು ಇಡುವಷ್ಟರಲ್ಲಿ ತೇರಿನ ಪಕ್ಕ ಕಂದು ಗುರುತು. ಎಂಟಾಣೆಯಷ್ಟು. ಪುಣ್ಯಕ್ಕೆ ದಾರಕ್ಕೆ ತಾಗಲಿಲ್ಲ.

ಅವಳು ಬಂದು ನೋಡಿದಳು. ಏನೂ ಅನ್ನಲಿಲ್ಲ. ಮೇಜಿಗೆ ಹಾಸಿ, ಅಡುಗೆಮನೆಗೆ ಹೋಗಿ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿ ತಂದು ಸರಿಯಾಗಿ ಅದರ ಮೇಲೆ ಇಟ್ಟಳು. ಹಬ್ಬದ ಮೂರು ದಿನ ಜಾಡಿ ಅಲ್ಲಿಂದ ಕದಲಲಿಲ್ಲ. ನರಕ ಚತುರ್ದಶಿಯ ದಿನ ಮಗ ಊಟಕ್ಕೆ ಕೂತವನು ಅನ್ನದ ಪಾತ್ರೆಗೆ ಜಾಗ ಮಾಡಲು ಅದನ್ನು ಪಕ್ಕಕ್ಕೆ ಸರಿಸಲು ಹೋದ. ಇಬ್ಬರೂ ಒಟ್ಟಿಗೆ "ಅಲ್ಲೇ ಇರಲಿ ಬಿಡೋ" ಅಂದೆವು.